ಸಾವಿರ ಕಂಬ, ಒಂದೇ ಕರಾರು

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದರಂತೆ ಇನ್ನೊಂದು ಕಂಬವಿಲ್ಲ ಎಂಬುದನ್ನು ಶಿಲ್ಪಿಗಳ ಹುರುಪೆಂದು ಹೊಗಳುವುದು ರೂಢಿ. ನನಗದು ಶಿಸ್ತಿನ ಸಾಕ್ಷ್ಯ. 1430ರ ಈ ಕಟ್ಟಡದಲ್ಲಿ ಕೆಳಗೆ ಕಲ್ಲು, ಮೇಲಂತಸ್ತುಗಳಲ್ಲಿ ಮರ. ಕಂಬದ ನಡು ಹೇಗೇ ಇರಲಿ, ಬುಡ ಪೀಠಕ್ಕೂ ತಲೆ ಬೋದಿಗೆಗೂ ಕೂಡಬೇಕು. ಸಂದು ಒಪ್ಪಿದರೆ ಉಳಿದ ಕೆತ್ತನೆ ಉಳಿಯವನ ಇಚ್ಛೆ. ಸಾಫ್ಟ್‌ವೇರ್ ಬಿಡಿಭಾಗಗಳ ಹೊರಮುಖವನ್ನಷ್ಟೇ ನೋಡಿ ಅವು ಹೊಂದುತ್ತವೆಯೇ ಎಂದು ಗಣಿತದಿಂದ ಪರೀಕ್ಷಿಸುವ 'ಇಂಟರ್‌ಫೇಸ್ ಆಟೊಮಾಟಾ'ವನ್ನು ಗಣಕವಿಜ್ಞಾನಿಗಳಾದ ಡಿ ಅಲ್ಫಾರೊ ಮತ್ತು ಹೆನ್‌ಜಿಂಗರ್ 2001ರಲ್ಲಿ ಮಂಡಿಸಿದ್ದು ಇದೇ ನಂಬಿಕೆಯ ಮೇಲೆ.

ಸಾಫ್ಟ್‌ವೇರ್ ಬಿಡಿಭಾಗಗಳಂತೆ ಕಂಬಗಳು ಒಂದನ್ನೊಂದು ಕರೆಯುವುದಿಲ್ಲವಲ್ಲ ಎನ್ನಬಹುದು. ನಿಜ, ಸಾಫ್ಟ್‌ವೇರಿನಲ್ಲಿ ಅಳತೆಯ ಜೊತೆ ಕರೆಗಳ ಸರದಿಯೂ ಹೊಂದಬೇಕು. ಆದರೆ ಬಸದಿಗೂ ಸರದಿಯಿತ್ತು: ಪೀಠ ಕೂರದೆ ಕಂಬ ನಿಲ್ಲದು, ಕಂಬ ನಿಲ್ಲದೆ ತೊಲೆ ಏರದು. ಆ ಸರದಿ ಕಟ್ಟಿ ಮುಗಿಸಿದ ದಿನಕ್ಕೇ ತೀರಿತು; ಸಾಫ್ಟ್‌ವೇರಿನದು ಅದು ಓಡುವಷ್ಟೂ ಹೊತ್ತು ಉಳಿಯುತ್ತದೆ.