ಕಂಚಿಯ ಕಂಬದ ಕನ್ನಡ

ಕಂಚಿಯ ಕೈಲಾಸನಾಥ ದೇವಾಲಯವನ್ನು ಕಟ್ಟಿಸಿದವನು ಪಲ್ಲವ ದೊರೆ ರಾಜಸಿಂಹ. ಆದರೆ ಅಲ್ಲಿಯ ಮಂಟಪದ ಕಂಬವೊಂದರಲ್ಲಿ ಕನ್ನಡ ಶಾಸನವುಂಟು. ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು (ಸು. 733–744) ಕಂಚಿಯನ್ನು ಗೆದ್ದು, ಈ ದೇವರ ಐಶ್ವರ್ಯವನ್ನು ಕಂಡೂ ಸೂರೆಗೊಳ್ಳದೆ ದೇವರಿಗೇ ಬಿಟ್ಟುಕೊಟ್ಟನೆಂದು ಅದು ಸಾರುತ್ತದೆ.

ಈ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದಳು. ಇಂದಿನ ವಿರೂಪಾಕ್ಷ ದೇವಾಲಯವೇ ಅದು. ಅದರ ನಿರ್ಮಾಪಕನಾದ ಗುಂಡ ಅನಿವಾರಿತಾಚಾರಿಯ ಹೆಸರನ್ನು ಅಲ್ಲಿಯ ಶಾಸನವು ಉಳಿಸಿದೆ. ನೆಲೆನೆಲೆಯಾಗಿ ಏರುವ ದ್ರಾವಿಡ ವಿಮಾನವೂ ಪ್ರಾಕಾರಕ್ಕೆ ಒತ್ತಿಕೊಂಡ ಕಿರುಗುಡಿಗಳೂ ಕಂಚಿಯನ್ನು ಹೋಲುತ್ತವೆ. ಶಿಲೆಯ ಜಾಲಂಧ್ರಗಳೂ ರಾಮಾಯಣ, ಮಹಾಭಾರತಗಳ ಕಥೆಗಳನ್ನು ಕಡೆದ ಕಂಬಗಳ ವಿಶಾಲ ಸಭಾಮಂಟಪವೂ ಚಾಲುಕ್ಯ ಪರಂಪರೆಗೆ ಸೇರಿದವು.

ಗೆದ್ದವರು ಹೊನ್ನನ್ನು ದೇವರಲ್ಲಿಯೇ ಬಿಟ್ಟು, ಗುಡಿ ಕಟ್ಟುವ ಬಗೆಯನ್ನು ಮಾತ್ರ ತಂದರೆಂದು ತೋರುತ್ತದೆ. ಸೋತ ನಾಡಿಗೆ ಸಲ್ಲಿಸಿದ ಗೌರವಕ್ಕೆ ಎರಡು ಊರುಗಳ ಕಲ್ಲುಗಳೂ ಇಂದಿಗೂ ಸಾಕ್ಷಿಯಾಗಿವೆ.