ಆಟದ ಬಯಲೂ ಊಟದ ಪಂಕ್ತಿಯೂ

ಆಟವೆಂದರೆ ದಣಿದ ಮೈಮನಗಳಿಗೆ ಉಲ್ಲಾಸವನ್ನೀಯುವ ವಿನೋದವೆಂಬುದು ಲೋಕರೂಢಿಯ ಮಾತು. ಆ ಮಾತು ಸುಳ್ಳಲ್ಲ. ಆದರೆ ಪೂರ್ಣಸತ್ಯವೂ ಅಲ್ಲ. ಒಂದು ಸಮಾಜವು ಆಟದ ಬಯಲಿಗೆ ಯಾರನ್ನು ಬರಗೊಡುತ್ತದೆ, ಬಂದವರನ್ನು ಎಲ್ಲಿ ಕುಳ್ಳಿರಿಸುತ್ತದೆ, ಯಾರ ಆಜ್ಞೆಗೆ ತಲೆಬಾಗುತ್ತದೆ ಎಂಬುದನ್ನು ನೋಡಿದರೆ ಆ ಸಮಾಜದ ಅಂತರಂಗವು ತಾನಾಗಿ ತಿಳಿದುಬರುತ್ತದೆ. ಕೆಲವೊಮ್ಮೆ ಆಟವು ಆ ಅಂತರಂಗವನ್ನು ತೋರಿಸುವಷ್ಟಕ್ಕೆ ನಿಲ್ಲದೆ ಅದನ್ನು ತಿದ್ದುವುದಕ್ಕೂ ತೊಡಗುತ್ತದೆ. ಮುಂಬಯಿ ಪ್ರಾಂತದಲ್ಲಿ ಕ್ರಿಕೆಟ್ ಆಟವು ಬೆಳೆದ ಬಗೆಯೂ, ಧಾರವಾಡದಲ್ಲಿ ಜನಿಸಿದ ಪಾಳವಣಕರ ಬಾಳೂ ಎಂಬ ಆಟಗಾರರ ಜೀವಿತವೂ ಇದಕ್ಕೆ ನಿದರ್ಶನಗಳಾಗಿವೆ.

ಆಂಗ್ಲರು ಈ ದೇಶಕ್ಕೆ ತಂದ ಕ್ರಿಕೆಟ್ ಆಟವನ್ನು ಮೊದಲು ಕೈಗೊಂಡವರು ಮುಂಬಯಿಯ ಪಾರ್ಸಿಗಳು. ಅವರು 1848ರಲ್ಲಿಯೇ ತಮ್ಮದೊಂದು ಸಂಘವನ್ನು ಸ್ಥಾಪಿಸಿದರು. ಅನಂತರ ಹಿಂದುಗಳೂ ಮುಸಲ್ಮಾನರೂ ಆಟಕ್ಕಿಳಿದರು. ಆದರೆ ಸಂಘಗಳೆಲ್ಲವೂ ಮತ, ಜಾತಿ, ಪ್ರಾಂತಗಳ ಗೆರೆಯನ್ನನುಸರಿಸಿಯೇ ಹುಟ್ಟಿದವು. ಯೂರೋಪಿಯನರಿಗೂ ಪಾರ್ಸಿಗಳಿಗೂ ನಡೆಯುತ್ತಿದ್ದ ಪಂದ್ಯದಲ್ಲಿ 1907ರಲ್ಲಿ ಹಿಂದುಗಳೂ 1912ರಲ್ಲಿ ಮುಸಲ್ಮಾನರೂ ಸೇರಿದರು. ಊರಿನಲ್ಲಿ ಕೇರಿಗಳಿರುವಂತೆ ಬಯಲಿನಲ್ಲಿಯೂ ಕೇರಿಗಳಾದವು. ಸಮಾಜವು ಹೇಗಿತ್ತೋ ಆಟವೂ ಹಾಗೆಯೇ ಇದ್ದಿತು.

ಬಾಳೂ ಅವರು ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ, ಅಸ್ಪೃಶ್ಯವೆಂದು ಅಂದಿನ ಜನರು ದೂರವಿಟ್ಟಿದ್ದ ಚರ್ಮಕಾರ ಕುಲದಲ್ಲಿ ಹುಟ್ಟಿದರು. ತಂದೆಯು ಪುಣೆಯಲ್ಲಿ ಸೈನ್ಯದ ನೌಕರಿಯಲ್ಲಿದ್ದರು. ಬಾಲಕನು ಅಲ್ಲಿಯ ಪಾರ್ಸಿಗಳ ಕ್ರಿಕೆಟ್ ಸಂಘದಲ್ಲಿ ನೆಲವನ್ನು ಗುಡಿಸಿ ಹದಮಾಡುವ ಕೆಲಸಕ್ಕೆ ಸೇರಿದನು. ತಿಂಗಳಿಗೆ ಮೂರು ರೂಪಾಯಿ ಸಂಬಳ. ಅನಂತರ ಯೂರೋಪಿಯನರ ಪೂನಾ ಕ್ಲಬ್ಬಿನಲ್ಲಿ ನಾಲ್ಕು ರೂಪಾಯಿಯ ಕೆಲಸವು ದೊರೆಯಿತು. ಅಲ್ಲಿ ದೊರೆಗಳ ಅಭ್ಯಾಸಕ್ಕಾಗಿ ಚೆಂಡೆಸೆಯುವುದೂ ಆತನ ಪಾಲಿಗೆ ಬಂದಿತು. ಗ್ರೇಗ್ ಎಂಬ ಪ್ರಸಿದ್ಧ ದಾಂಡಿಗನು, ಬಾಳೂ ತನ್ನನ್ನು ಔಟು ಮಾಡಿದಾಗಲೆಲ್ಲ ಎಂಟಾಣೆಯನ್ನು ಕೊಡುತ್ತಿದ್ದನೆಂದು ಹೇಳುತ್ತಾರೆ. ಎಡಗೈಯಿಂದ ನಿಧಾನವಾಗಿ ಎಸೆದು ಚೆಂಡನ್ನು ತಿರುಗಿಸುವ ಕೌಶಲ್ಯವು ಹೀಗೆ ನಿತ್ಯದ ದುಡಿಮೆಯಿಂದ ಸಿದ್ಧಿಸಿತು. ಆದರೆ ಆ ಕ್ಲಬ್ಬಿನಲ್ಲಿ ದಾಂಡನ್ನು ಹಿಡಿದು ಅಭ್ಯಾಸಮಾಡುವ ಅವಕಾಶವು ಆತನಿಗಿರಲಿಲ್ಲ. ಎಸೆಯುವುದು ಸೇವಕನ ಕೆಲಸ, ಹೊಡೆಯುವುದು ಒಡೆಯನ ಹಕ್ಕು ಎಂಬುದೇ ಅಲ್ಲಿಯ ನಿಯಮವಾಗಿದ್ದಿತು.

ಈ ಕೌಶಲ್ಯದ ಸುದ್ದಿಯು ಹರಡಿದಾಗ ಪುಣೆಯ ಹಿಂದೂ ಆಟಗಾರರಲ್ಲಿ ಜಿಜ್ಞಾಸೆಯೊಂದು ತಲೆದೋರಿತು. ಯೂರೋಪಿಯನರನ್ನು ಸೋಲಿಸಬೇಕೆಂಬ ಆಶೆಯು ಒಂದು ಕಡೆ, ಚರ್ಮಕಾರನೊಡನೆ ಆಡುವುದು ಹೇಗೆಂಬ ಅಳುಕು ಇನ್ನೊಂದು ಕಡೆ. ಕಡೆಗೆ ಆಶೆಯು ಗೆದ್ದಿತು. ಬಾಳೂ ತಂಡಕ್ಕೆ ಸೇರಿದರು. ಆದರೆ ಅಳುಕು ಸಾಯಲಿಲ್ಲ. ಬಯಲಿನಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ವೇಳೆಗೆ ಮಾತ್ರ ಉಳಿದವರು ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಕುಡಿಯುವಾಗ, ಅವರಿಗೆ ಹೊರಗಡೆ ಬಿಸಾಡತಕ್ಕ ಮಣ್ಣಿನ ಕುಡಿಕೆಯಲ್ಲಿ ಚಹವನ್ನು ಕೊಡುತ್ತಿದ್ದರು. ಊಟದ ಪಂಕ್ತಿಯೂ ಬೇರೆಯಾಗಿದ್ದಿತು. ಒಂದೇ ದಿನದ ಒಂದೇ ಆಟದಲ್ಲಿ ಒಂದೇ ಕೈಯು ಗಳಿಗೆಗೊಮ್ಮೆ ಶುದ್ಧವೂ ಗಳಿಗೆಗೊಮ್ಮೆ ಅಶುದ್ಧವೂ ಆಗುವ ವಿಚಿತ್ರವನ್ನು ಜನರೆಲ್ಲ ಕಣ್ಣಾರೆ ಕಂಡರು. ಅಸ್ಪೃಶ್ಯತೆಯ ಅವಿವೇಕವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಉಪನ್ಯಾಸವು ತೋರಿಸಬಲ್ಲುದು?

1896ರ ಸುಮಾರಿಗೆ ಬಾಳೂ ಅವರು ಮುಂಬಯಿಗೆ ಬಂದು ರೈಲ್ವೆಯ ನೌಕರಿಯನ್ನು ಹಿಡಿದರು. ಅಲ್ಲಿಯ ಹಿಂದೂ ಜಿಮಖಾನೆಯ ಪರವಾಗಿ ಆಡತೊಡಗಿದರು. 1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಯೂರೋಪಿಯನರನ್ನು 109 ರನ್ನುಗಳಿಂದ ಸೋಲಿಸಿತು. ಬಾಳೂ ಅವರೂ ಅವರ ತಮ್ಮ ಶಿವರಾಮರೂ ಆ ತಂಡದಲ್ಲಿದ್ದರು. ಅಷ್ಟು ಹೊತ್ತಿಗೆ ಪಂಕ್ತಿಯ ಗೋಡೆಯೂ ಸಡಿಲಿದ್ದಿತು. ಪುಣೆಯಲ್ಲಿ ಹೊರಗೆ ನಿಂತು ಚಹ ಕುಡಿದವರು ಮುಂಬಯಿಯಲ್ಲಿ ಜತೆಯ ಆಟಗಾರರೊಡನೆ ಕುಳಿತು ಉಂಡರು. ಸಮಾಜಸುಧಾರಣೆಯ ಇತರ ಪ್ರಯತ್ನಗಳಿಗಿಂತಲೂ ಈ ಘಟನೆಯು ಯುವಕರ ಮನಸ್ಸನ್ನು ಹೆಚ್ಚಾಗಿ ವಿಶಾಲಗೊಳಿಸಿತೆಂದು ಅಂದಿನ ‘ಇಂಡಿಯನ್ ಸೋಶಿಯಲ್ ರಿಫಾರ್ಮರ್’ ಪತ್ರಿಕೆಯು ಅಭಿಪ್ರಾಯಪಟ್ಟಿತು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡವೊಂದು ಇಂಗ್ಲೆಂಡಿಗೆ ಪ್ರಯಾಣಮಾಡಿತು. ತಂಡವು ಗೆದ್ದುದಕ್ಕಿಂತ ಸೋತುದೇ ಹೆಚ್ಚು. ಆದರೆ ಬಾಳೂ ಅವರೊಬ್ಬರೇ 114 ವಿಕೆಟುಗಳನ್ನು ಪಡೆದು ಆಂಗ್ಲರಿಂದಲೂ ಪ್ರಶಂಸೆಗೆ ಪಾತ್ರರಾದರು. ಇಷ್ಟಾದರೂ ಮೂರನೆಯ ಹೊಸ್ತಿಲೊಂದು ಉಳಿದಿದ್ದಿತು. ಚೆಂಡನ್ನು ಹಂಚಿಕೊಂಡುದಾಯಿತು, ಅನ್ನವನ್ನೂ ಹಂಚಿಕೊಂಡುದಾಯಿತು. ಅಧಿಕಾರವನ್ನು ಹಂಚಿಕೊಳ್ಳುವ ಧೈರ್ಯವು ಮಾತ್ರ ಬರಲಿಲ್ಲ. ಬಾಳೂ ಅವರೇ ನಾಯಕರಾಗಬೇಕೆಂದು ಅನೇಕರು ವಾದಿಸಿದರೂ ಆ ಪದವಿಯು ಮೇಲುಜಾತಿಯವರ ಕೈಯಲ್ಲಿಯೇ ಉಳಿಯಿತು. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ, ವಿಠ್ಠಲರು ಆಟದಿಂದ ಹಿಂದೆಗೆದು ಬಹಿರಂಗವಾಗಿ ಪ್ರತಿಭಟಿಸಿದರು. ಬಳಿಕ ಬಾಳೂ ಅವರಿಗೆ ಉಪನಾಯಕತ್ವವು ದೊರೆಯಿತು. ಅಸ್ಪೃಶ್ಯತೆಯು ಹಿಂದೂ ಸಮಾಜದ ಕಳಂಕವೆಂದು ಗಾಂಧೀಜಿಯವರು ಸಾರುತ್ತಿದ್ದ ಕಾಲವದು. ಬಯಲಿನ ಹೊರಗಿನ ಆ ಗಾಳಿಯು ಬಯಲಿನೊಳಕ್ಕೂ ಬೀಸಿತು. 1923ರಲ್ಲಿ ವಿಠ್ಠಲರು ಹಿಂದೂ ತಂಡದ ನಾಯಕರಾದರು. ಅದೇ ವರ್ಷ ತಂಡವು ಯೂರೋಪಿಯನರನ್ನು ಗೆದ್ದಿತು. ಅಣ್ಣನಿಗೆ ಎಂದೂ ದೊರೆಯದ ಗೌರವವು ತಮ್ಮನಿಗೆ ದೊರೆಯಿತು.

ಆದರೂ ಆಟವೊಂದೇ ಸಮಾಜವನ್ನು ಉದ್ಧರಿಸಿತೆಂದು ತಿಳಿಯುವುದು ತಪ್ಪಾದೀತು. ವಿಠ್ಠಲರು ನಾಯಕರಾದ ನಾಲ್ಕು ವರ್ಷಗಳ ತರುವಾಯ, 1927ರ ಮಾರ್ಚಿಯಲ್ಲಿ, ಡಾಕ್ಟರ್ ಅಂಬೇಡ್ಕರ್ ಅವರೊಡನೆ ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟಿದ ಜನರ ಮೇಲೆ ಹಲ್ಲೆಯು ನಡೆಯಿತು. ಕೆರೆಯನ್ನು ಶುದ್ಧಿಮಾಡುವ ವಿಧಿಯನ್ನೂ ನಡೆಸಿದರು. ಜಯವನ್ನು ತಂದ ಒಬ್ಬನಿಗೆ ಬಾಗಿಲನ್ನು ತೆರೆದ ಸಮಾಜವು, ಬಾಯಾರಿದ ಸಾವಿರ ಮಂದಿಗೆ ಅದನ್ನು ಮುಚ್ಚಿಯೇ ಇಟ್ಟಿದ್ದಿತು. ಗುಣವಂತನನ್ನು ಮನ್ನಿಸುವುದು ಒಂದು ಮಾತು. ಮನುಷ್ಯನನ್ನು ಮನುಷ್ಯನೆಂಬ ಕಾರಣಕ್ಕಾಗಿಯೇ ಮನ್ನಿಸುವುದು ಬೇರೊಂದು ಮಾತು. ಬಾಳೂ ಅವರು ಮುಂದೆ 1932ರ ಪುಣೆ ಒಪ್ಪಂದಕ್ಕೆ ಸಹಿಹಾಕಿದವರಲ್ಲೊಬ್ಬರಾದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ ಅಂಬೇಡ್ಕರ್ ಅವರ ವಿರುದ್ಧ ನಿಂತು ಸೋತರು. ದಲಿತರ ಬಿಡುಗಡೆಯ ದಾರಿಯನ್ನು ಕುರಿತು ಇಬ್ಬರಲ್ಲಿಯೂ ಭೇದವಿದ್ದಿತು. ಬಿಡುಗಡೆಯು ಬೇಕೆಂಬುದರಲ್ಲಿ ಭೇದವಿರಲಿಲ್ಲ.

ಜಾತಿಯ ಗೋಡೆಯನ್ನು ಅಲುಗಿಸಿದ ಅದೇ ಬಯಲು ಮತದ ಗೋಡೆಯನ್ನು ಉಳಿಸಿಕೊಂಡಿದ್ದಿತೆಂಬುದನ್ನೂ ಮರೆಯಲಾಗದು. ಮತಗಳ ಹೆಸರಿನಲ್ಲಿ ಪಂದ್ಯಗಳನ್ನಾಡುವುದು ಸಲ್ಲದೆಂದು ಗಾಂಧೀಜಿಯವರು 1940ರಲ್ಲಿ ಅಭಿಪ್ರಾಯವಿತ್ತರು. 1946ರಲ್ಲಿ ಆ ಪಂದ್ಯಗಳು ನಿಂತುಹೋದವು.

1950ರಲ್ಲಿ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅದರ ಆಚರಣೆಯನ್ನು ಶಿಕ್ಷಾರ್ಹವೆಂದು ವಿಧಿಸಿದ ಶಾಸನವು 1955ರ ಜೂನ್ 1ರಂದು ಜಾರಿಗೆ ಬಂದಿತು. ಮರುತಿಂಗಳು, ಜುಲೈ 4ರಂದು, ಬಾಳೂ ಅವರು ಮುಂಬಯಿಯಲ್ಲಿ ಕಾಲವಶರಾದರು. ಮಣ್ಣಿನ ಕುಡಿಕೆಯಿಂದ ಆ ಶಾಸನದವರೆಗಿನ ಹಾದಿಯನ್ನು ಸವೆಸಿದವರು ಆಟಗಾರರು ಮಾತ್ರವಲ್ಲ. ಆದರೆ ಚೆಂಡನ್ನು ಒಟ್ಟಿಗೆ ಮುಟ್ಟಿದವರು ಅನ್ನವನ್ನೂ ಒಟ್ಟಿಗೆ ಉಣ್ಣಬಲ್ಲರೆಂಬುದನ್ನು ಎಲ್ಲರ ಕಣ್ಣೆದುರಿಗೆ ತೋರಿಸಿಕೊಟ್ಟ ಶ್ರೇಯಸ್ಸು ಅವರಿಗೆ ಸಲ್ಲುತ್ತದೆ. ಬಯಲಿನಲ್ಲಿ ಕಲಿತ ಆ ಪಾಠವನ್ನು ಮನೆಯ ಪಡಸಾಲೆಗೂ ಊರ ಬಾವಿಯ ಕಟ್ಟೆಗೂ ಕೊಂಡೊಯ್ಯುವ ಹೊಣೆಯು ಮಾತ್ರ ಆಟವನ್ನು ನೋಡಿದವರೆಲ್ಲರದು.