ಹಡಗಿನ ಹೊಗೆ ಯಾರ ಎದೆಗೆ?



'ಹಸಿರು ಬಂದರು' ಅನ್ನೋ ಮಾತು ಈಗ ಎಲ್ಲ ಕಡೆ ಓಡಾಡ್ತಿದೆ. ಆ ಮಾತಿನ ಹಿಂದೆ ಒಂದು ಕೇಸಿನ ಚರಿತ್ರೆ ಇದೆ.

ಅಮೆರಿಕದ ಲಾಸ್ ಏಂಜಲೀಸ್ ಬಂದರಿಗೆ ಅಂಟಿಕೊಂಡೇ ವಿಲ್ಮಿಂಗ್ಟನ್ ಅಂತ ಒಂದು ಬಡಾವಣೆ. ಅಲ್ಲಿರೋರು ಬಹುಪಾಲು ಲ್ಯಾಟಿನೋ ದುಡಿಮೆಗಾರರು. ದಡಕ್ಕೆ ಬಂದು ನಿಂತ ಹಡಗಲ್ಲೂ ದೀಪ, ಪಂಪು ನಡೀಬೇಕಲ್ಲ, ಅದಕ್ಕೆ ಡೀಸೆಲ್ ಎಂಜಿನ್ ದಿನಗಟ್ಟಲೆ ಉರೀತಾನೇ ಇರುತ್ತೆ. ಜೊತೆಗೆ ಸಾವಿರಾರು ಹಳೇ ಲಾರಿಗಳು. ಸರಕು ದೇಶದ ಅಂಗಡಿಗಳಿಗೆ, ಹೊಗೆ ಇವರ ಮಕ್ಕಳ ಎದೆಗೆ. ಊರಿನ ಹೊಲಸು ಯಾವ ಕೇರಿ ಕಡೆ ಹರಿಯುತ್ತೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಚೈನಾ ಶಿಪ್ಪಿಂಗ್ ಕಂಪನಿಯ ಹೊಸ ಟರ್ಮಿನಲ್ಲಿಗೆ ನಗರಾಡಳಿತ ಸರಿಯಾದ ಪರಿಸರ ವರದಿ ಮಾಡಿಸದೇ ಒಪ್ಪಿಗೆ ಕೊಡ್ತು. 2001ರಲ್ಲಿ ಪಕ್ಕದ ಸ್ಯಾನ್ ಪೆಡ್ರೋದ ನಿವಾಸಿ ಸಂಘಗಳು, ಪರಿಸರ ಸಂಸ್ಥೆಗಳು ಕೋರ್ಟಿಗೆ ಹೋದವು. 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಕೆಲಸ ನಿಲ್ಲಿಸಿತು. ಮರುವರ್ಷ ರಾಜಿ ಆಯ್ತು, ಪರಿಹಾರ ಕ್ರಮಗಳಿಗೆ 5 ಕೋಟಿ ಡಾಲರ್. 2004ರಲ್ಲಿ ತೆರೆದಾಗ, ಎಂಜಿನ್ ಆರಿಸಿ ದಡದಿಂದಲೇ ಹಡಗಿಗೆ ಕರೆಂಟ್ ಕೊಡೋ ಜಗತ್ತಿನ ಮೊದಲ ಕಂಟೇನರ್ ಟರ್ಮಿನಲ್ ಅದು. ಯಾರೂ ದಾನ ಕೊಟ್ಟಿದ್ದಲ್ಲ, ಜನ ಕೇಸು ಹಾಕಿ ಪಡೆದಿದ್ದು.

2006ರಲ್ಲಿ ಲಾಸ್ ಏಂಜಲೀಸ್, ಲಾಂಗ್ ಬೀಚ್ ಎರಡೂ ಬಂದರುಗಳು ಸೇರಿ ಶುದ್ಧ ಗಾಳಿ ಯೋಜನೆ ತಂದವು. 2008ರ ಅಕ್ಟೋಬರಿನಿಂದ 1989ಕ್ಕಿಂತ ಹಳೇ ಲಾರಿ ಒಳಗೆ ಬಿಡಲಿಲ್ಲ. ಹತ್ತು ವರ್ಷದೊಳಗೆ ಡೀಸೆಲ್ ಮಸಿ ಶೇ. 80ಕ್ಕೂ ಹೆಚ್ಚು ಇಳೀತು. ಒಪ್ಪಬೇಕಾದ ಮಾತೇ.

ಆದ್ರೆ ಹೊಸ ಲಾರಿ ಕೊಂಡೋರು ಯಾರು? ಡ್ರೈವರುಗಳು, ಹೆಚ್ಚಿನೋರು ವಲಸೆ ಬಂದೋರು. ಕಾಗದದ ಮೇಲೆ 'ಸ್ವತಂತ್ರ ಗುತ್ತಿಗೆದಾರರು'. ಕಂಪನಿಗಳು ಇವರನ್ನ ನೌಕರರಾಗಿ ತಗೊಳ್ಳಲೇಬೇಕು ಅಂತ ಲಾಸ್ ಏಂಜಲೀಸ್ ಬಂದರು ನಿಯಮ ಮಾಡಿತ್ತು. ಸಾರಿಗೆ ಮಾಲೀಕರ ಸಂಘ ಕೋರ್ಟಿಗೆ ಹೋಯ್ತು, 2011ರಲ್ಲಿ ಆ ನಿಯಮ ಬಿದ್ದುಹೋಯ್ತು. ಲಾರಿಯ ಕಂತು ಡ್ರೈವರ್ ಕೂಲಿಯಲ್ಲೇ ಮುರಿದುಕೊಂಡರು. ವಾರವಿಡೀ ದುಡಿದು ಬರಿಗೈಲಿ ಮನೆಗೆ ಹೋದೋರಿದ್ದಾರೆ. ಗಾಳಿ ತೊಳೆಯೋ ಬಿಲ್ಲು ಬಡವನ ಹೆಸರಿಗೇ ಬಂತು.

ಇನ್ನೊಂದು ಕೇಳಿ. ಆ ಮೊದಲ ಟರ್ಮಿನಲ್ಲಿಗೆ ಹಾಕಿದ್ದ 52 ಷರತ್ತಲ್ಲಿ 11 ಪಾಲಿಸಿಯೇ ಇಲ್ಲ ಅಂತ 2015ರಲ್ಲಿ ಬಂದರೇ ಒಪ್ಪಿಕೊಂಡಿತು. ನಾನು ಗುಮಾಸ್ತ. ಷರತ್ತು ಫೈಲಿನೊಳಗೆ ಎಷ್ಟು ಸುಖವಾಗಿ ಮಲಗುತ್ತೆ ಅಂತ ದಿನಾ ನೋಡ್ತೀನಿ. 2020ರಲ್ಲಿ ಜನ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದ್ರು.

ನಮ್ಮ ಹೊನ್ನಾವರದ ಕಾಸರಕೋಡಿನಲ್ಲಿ ಮೀನುಗಾರರು ಬಂದರಿನ ವಿರುದ್ಧ ನಿಂತಿದಾರಲ್ಲ, ಅಲ್ಲಿಗೆ ಹೋಗೋ ಗೆಳೆಯರಿಗೆ ಒಂದು ಮಾತು. 2006ರ ಪರಿಸರ ಅಧಿಸೂಚನೆ ಪ್ರಕಾರ ಅನುಮತಿ ಪಡೆದೋರು ಪ್ರತಿವರ್ಷ ಜೂನ್ 1, ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಅರ್ಜಿ ಹಾಕಿ ತಗೊಳ್ಳಿ. ಒಕ್ಕಣೆ ನಾನು ಬರೆದುಕೊಡ್ತೀನಿ.